ನಾಲ್ಕು ಕಾರ್ಬನ್ನಿನ ಕರವಸ್ತ್ರ

ಈಗ ಹೇಳುವುದನ್ನು ನಂಬದೆ ಇರಲು ನಿಮ್ಮ ಕೈಲಾದರೆ ಇರಿ, ನೋಡೋಣ! ನಮ್ಮ ಅತ್ತಿಗೆಗೆ ಮನುಷ್ಯರು ಕಾಣಿಸುವುದಿಲ್ಲ. ಕಣ್ಣಿನ ದೋಷವಲ್ಲ ಸ್ವಾಮಿ, ಎಪ್ಪತ್ತೈದರಲ್ಲೂ ಸೂಜಿಗೆ ದಾರ ಪೋಣಿಸುತ್ತಾರೆ. ಆದರೆ ಎದುರಿಗೆ ನೀವು ಹೋಗಿ ನಿಂತರೆ ಅವರಿಗೆ ಕಾಣುವುದು ಒಂದಿಷ್ಟು ಪ್ರೋಟೀನು, ಒಂದಿಷ್ಟು ಕೊಬ್ಬು, ಮಿಕ್ಕಿದ್ದೆಲ್ಲ ನೀರು. ಭದ್ರಾವತಿಗೆ ಹೋದಾಗಲೆಲ್ಲ ಬಾಗಿಲಲ್ಲೇ ನಿಂತು "ಹೇಗಿದ್ದೀರಿ ಅತ್ತಿಗೆ?" ಅಂತ ಕೇಳುತ್ತೇನೆ. ಅವರು ನನ್ನ ಮುಖ ಬಿಟ್ಟು ಹೊಟ್ಟೆ ನೋಡುತ್ತಾರೆ. "ಬಾ ಮಾರಾಯ. ಗ್ಲಿಸರಾಲಿಗೆ ಬಿಡುವೇ ಕೊಟ್ಟಿಲ್ಲ ಅಂತ ಕಾಣುತ್ತೆ." ಇದು ಅವರ ಸ್ವಾಗತ!

ಅತ್ತಿಗೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಅಣ್ಣ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಣ್ಣ ಮಾತಾಡುವುದಿಲ್ಲ, ಅತ್ತಿಗೆ ನಿಲ್ಲಿಸುವುದಿಲ್ಲ, ಸಂಸಾರ ಸುಖವಾಗಿದೆ.

ನನ್ನ ವಿಚಾರ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ! ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನಿಂದ ಬೇಸ್ತು ಬೀಳದವರು ಇಲ್ಲ. ನಮ್ಮ ಬೀದಿಯ ಡಾಕ್ಟರಿಗೆ ಪೆಪ್ಪರಮಿಂಟನ್ನು ಮಾತ್ರೆ ಅಂತ ನುಂಗಿಸಿದ್ದೇನೆ. ಮಗಳ ಮದುವೆಯಲ್ಲಿ ಬೀಗರಿಗೆ ಹಾಗಲಕಾಯಿ ಹಲ್ವ ತಿನ್ನಿಸಿ "ಇನ್ನೊಂಚೂರು ಹಾಕಿ" ಅನ್ನಿಸಿಕೊಂಡಿದ್ದೇನೆ. ಇಷ್ಟೆಲ್ಲ ಕೀರ್ತಿ ಇದ್ದೂ ಐವತ್ತು ವರ್ಷ ನನ್ನ ಬಲೆಗೆ ಬೀಳದೆ ಉಳಿದ ಮೀನು ಒಂದೇ. ನಮ್ಮ ಅತ್ತಿಗೆ.

ಅವರು ನಮ್ಮ ಮನೆಗೆ ಬಂದ ರೀತಿಯೇ ವಿಚಿತ್ರ. ಹೆಣ್ಣು ನೋಡಲು ಹೋದ ದಿನ ನಮ್ಮಜ್ಜಿ ಪದ್ಧತಿಯಂತೆ ಕೇಳಿದಳು: "ಹಾಡು ಬರುತ್ತೇನಮ್ಮಾ?" ಹುಡುಗಿ ಬರಲ್ಲ ಅನ್ನಬೇಕಿತ್ತು, ಅಥವಾ ಒಂದು ದೇವರನಾಮ ಹೇಳಬೇಕಿತ್ತು. ಈಕೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ನಿಧಾನವಾದ ಒಂದು ಧಾಟಿಯಲ್ಲಿ ಶುರು ಮಾಡಿದರು: "ಗ್ಲೈಸೀನ… ಅಲನೀನ… ವ್ಯಾಲೀನ… ಲ್ಯೂಸೀನಾ…" ಇಪ್ಪತ್ತು ಅಮೈನೋ ಆಸಿಡ್‌ಗಳು! ನಮ್ಮ ಮೈಯ ಪ್ರೋಟೀನುಗಳನ್ನೆಲ್ಲ ಪೋಣಿಸಿರುವ ಇಪ್ಪತ್ತು ಮಣಿಗಳು. ಟ್ರಿಪ್ಟೋಫೇನಿನ ಹತ್ತಿರ ಒಂದು ಆಲಾಪ ಕೂಡ ಹಾಕಿದರು. ಅವರಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಮ್ಮಜ್ಜಿಯ ಕಣ್ಣಲ್ಲಿ ನೀರು.

"ಸಂಸ್ಕೃತ ಎಷ್ಟು ಸ್ಪಷ್ಟವಾಗಿದೆ! ಯಾವ ದೇವರ ಮೇಲಿದು, ತಾಯಿ?"

"ಎಲ್ಲರ ಮೈಯೊಳಗೂ ಇರೋದರ ಮೇಲೆ ಅಜ್ಜಿ."

ಅಜ್ಜಿ ಕೂತಲ್ಲೇ ಕೈಮುಗಿದಳು. ಮದುವೆ ನಿಶ್ಚಯವಾಯಿತು.

ಆಗ ನಾನು ಪಿಯುಸಿಯಲ್ಲಿ ಕೆಮಿಸ್ಟ್ರಿಗೆ ಎರಡು ಸಲ ಡುಮ್ಕಿ ಹೊಡೆದು, ಮೂರನೆಯದಕ್ಕೆ ತಯಾರಾಗುತ್ತಿದ್ದ ವೀರ. ಹೊಸ ಸೊಸೆಯಾಗಿ ಬಂದ ಅತ್ತಿಗೆ ಹದಿನೈದು ದಿನ ನೋಡಿದರು. ಹದಿನಾರನೆಯ ದಿನ ಪುಸ್ತಕ ಕಿತ್ತಿಟ್ಟು ಬಚ್ಚಲುಮನೆ ಬಾಗಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಮೂರು ಗೂಟದ ಒಂದು ಹಲಗೆ. ಮೂರು ಗೂಟಕ್ಕೆ ಮೂರು ಪಂಚೆ: ಅಪ್ಪನದು, ಅಣ್ಣನದು, ನನ್ನದು.

"ಏನಿದು?"

"ಪಂಚೆ."

"ಅಲ್ಲ. ಇದು ಕೊಬ್ಬು. ಹಲಗೆ ಗ್ಲಿಸರಾಲು. ಅದಕ್ಕೆ ಮೂರೇ ಗೂಟ. ಒಂದೊಂದಕ್ಕೂ ಒಂದೊಂದು ಫ್ಯಾಟಿ ಆಸಿಡ್ಡು ನೇತು ಬಿದ್ದಿದೆ. ಎಣ್ಣೆ, ತುಪ್ಪ, ನಿನ್ನ ಸೊಂಟ, ಎಲ್ಲಾ ಇಷ್ಟೇ ಮಾರಾಯ."

"ಮತ್ತೆ ಎಣ್ಣೆ ಯಾಕೆ ನೀರಾಗಿರುತ್ತೆ?"

ಅತ್ತಿಗೆ ನನ್ನ ಪಂಚೆಯನ್ನು ಎಳೆದು ತೋರಿಸಿದರು. ನಾನು ಅದನ್ನು ಹಿಂಡಿ ಹಾಗೇ ಎಸೆದಿದ್ದೆ, ನಡುವೆ ಸೊಟ್ಟಗೆ ಮಡಿಕೆ ಬಿದ್ದು ಒಣಗಿತ್ತು. "ಸೊಟ್ಟ ಪಂಚೆಗಳನ್ನ ಒಂದರ ಮೇಲೊಂದು ಪೇರಿಸೋಕೆ ಆಗುತ್ತಾ? ಜಾರುತ್ತೆ. ಅದಕ್ಕೇ ಎಣ್ಣೆ ಹರಿಯುತ್ತೆ. ನೇರ ಪಂಚೆ ಚೆನ್ನಾಗಿ ಪೇರಿಸಬಹುದು, ಅದಕ್ಕೇ ಗಟ್ಟಿ. ಎಣ್ಣೆಗೆ ಹೈಡ್ರೋಜನ್ ಇಸ್ತ್ರಿ ಹಾಕಿ ನೇರ ಮಾಡ್ತಾರೆ, ಅದೇ ವನಸ್ಪತಿ."

"ತುಪ್ಪ?"

ಅತ್ತಿಗೆ ಒಂದು ಪಂಚೆ ತೆಗೆದು, ಆ ಗೂಟಕ್ಕೆ ತಮ್ಮ ಸೊಂಟದ ಕರವಸ್ತ್ರ ಸಿಕ್ಕಿಸಿದರು. "ಇದು ಬ್ಯುಟಿರಿಕ್ ಆಸಿಡ್ಡು. ನಾಲ್ಕೇ ಕಾರ್ಬನ್ನು, ಪುಟಾಣಿ. ಮೆಲುಕು ಹಾಕೋ ಪ್ರಾಣಿಯ ಹಾಲಿಗೆ ಬಿಟ್ಟರೆ ಇನ್ಯಾವ ಅಡುಗೆ ಕೊಬ್ಬಿಗೂ ಈ ಕರವಸ್ತ್ರದ ಭಾಗ್ಯ ಇಲ್ಲ. ಹಸು, ಎಮ್ಮೆ ಮಾತ್ರ ಹಾಕೋ ಸಹಿ ಇದು."

ಆ ಸಲ ನಾನು ಪಾಸಾದೆ. ಪರೀಕ್ಷೆಯಲ್ಲಿ ಗೂಟ, ಪಂಚೆ ಅಂತಲೇ ಬರೆದಿದ್ದೆ ಅಂತ ನನಗೆ ಅನುಮಾನ.

ಉಪಕಾರ ಮಾಡಿದವರನ್ನು ಸುಮ್ಮನೆ ಬಿಡುವುದುಂಟೇ? ಅಂದಿನಿಂದಲೇ ಅತ್ತಿಗೆಯನ್ನು ಬೇಸ್ತು ಬೀಳಿಸುವ ವ್ರತ ಹಿಡಿದೆ. ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದೆ. ಕಾಫಿ ಗುಟುಕರಿಸಿ, "ಇವತ್ತು ಸೋಡಿಯಂ ಜಾಸ್ತಿ" ಅಂದು ನನ್ನ ಲೋಟಕ್ಕೇ ಸುರಿದರು. ಒಂದು ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಗೆ ಕಡಲೆಕಾಯಿ ಎಣ್ಣೆ ತುಂಬಿಟ್ಟೆ. ಬೆಳಿಗ್ಗೆ ಎಲ್ಲರ ಮನೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ನಮ್ಮದು ಮಾತ್ರ ಥಳಥಳ ಹರಿಯುತ್ತಿದೆ! ಅತ್ತಿಗೆ ಬಾಟಲಿ ಅಲ್ಲಾಡಿಸಿ ನೋಡಿ ಕೆಳಗಿಟ್ಟರು. ಮಧ್ಯಾಹ್ನ ನಾನು ಮಲಗಿದ್ದಾಗ ಅರ್ಧ ಬಾಟಲಿ ನನ್ನ ತಲೆಗೆ ತಟ್ಟಿದರು. ಸಂಜೆ ಪೇಟೆಗೆ ಹೋದರೆ, ಎದುರಿಗೆ ಸಿಕ್ಕಿದವರೆಲ್ಲ "ಏನ್ ಮಾರಾಯ, ಮನೇಲಿ ಪೂರಿನಾ?" ಅಂತ ಕೇಳುವವರೇ.

ಇನ್ನು ಅವರ ಸೋಪಿನ ಪುರಾಣ. ಬೋಂಡಾ ಕರಿದು ಉಳಿದ ಎಣ್ಣೆಯನ್ನು ಚೆಲ್ಲಬಾರದು ಅಂತ ಅದಕ್ಕೆ ಕಾಸ್ಟಿಕ್ ಸೋಡಾ ಹಾಕಿ ಕುದಿಸಿ, ಮನೆಯಲ್ಲೇ ಸೋಪು ಮಾಡುತ್ತಿದ್ದರು. "ಕಾಸ್ಟಿಕ್ ಬಂದರೆ ಪಂಚೆಗಳೆಲ್ಲ ಗೂಟ ಬಿಟ್ಟು ಸೋಡಿಯಂ ಹಿಂದೆ ಓಡುತ್ವೆ. ಅದೇ ಸೋಪು. ಬರೀ ಹಲಗೆ ಉಳಿಯುತ್ತಲ್ಲ, ಆ ಗ್ಲಿಸರಾಲೇ ಚರ್ಮಕ್ಕೆ ನುಣುಪು." ನುಣುಪು ನಿಜ. ಆದರೆ ಆ ಸೋಪಿಗೆ ಮೆಣಸಿನಕಾಯಿ ಬೋಂಡಾದ ಪರಿಮಳ! ಅದರಲ್ಲೇ ಸ್ನಾನ ಮಾಡಿ ಕಾರ್ಖಾನೆಗೆ ಹೋಗುತ್ತಿದ್ದ ನಮ್ಮಣ್ಣನ ಹಿಂದೆ ಗೇಟಿನವರೆಗೆ ಮೂರು ನಾಯಿ. ಪಾಳಿ ಮುಗಿಸಿ ಬರುವಾಗಲೂ ಅವು ಅಲ್ಲೇ ಕಾಯುತ್ತಿದ್ದವು. ಅಣ್ಣ ಒಂದು ದಿನವೂ ದೂರಲಿಲ್ಲ. "ಜೊತೆಗೆ ಯಾರಾದರೂ ಇದ್ದರೆ ದಾರಿ ಸವೆಯುತ್ತೆ" ಅಂದ. ಅಣ್ಣನ ಜೀವಮಾನದಲ್ಲೇ ಉದ್ದನೆಯ ವಾಕ್ಯ ಅದು.

ಸರಿ, ಈಗ ನಿಜವಾದ ಕಥೆಗೆ ಬರುತ್ತೇನೆ. ಕಳೆದ ಯುಗಾದಿಯದು.

ನಮ್ಮ ಬೀದಿಗೆ ಸೋಮವಾರ ಸೋಮವಾರ ಹೊಳೆಹೊನ್ನೂರಿನಿಂದ ಬಸ್ಸಿನಲ್ಲಿ ನಿಂಗಮ್ಮ ಬರುತ್ತಾಳೆ. ಎರಡು ಎಮ್ಮೆ ಸಾಕಿಕೊಂಡು, ಸ್ಟೀಲ್ ಕ್ಯಾನಿನಲ್ಲಿ ತುಪ್ಪ ತಂದು ಮಾರುವ ಹೆಂಗಸು. ನಮ್ಮ ಬೀದಿಯ ಹನ್ನೆರಡು ಮನೆ ಅವಳ ತುಪ್ಪ ಬಿಟ್ಟು ಬೇರೆಯದನ್ನು ಮೂಸಿರಲಿಲ್ಲ.

ಪ್ರತಿ ಯುಗಾದಿಗೂ ಅಣ್ಣ, ಅತ್ತಿಗೆ ನಮ್ಮ ಮನೆಗೆ ಹೋಳಿಗೆ ಊಟಕ್ಕೆ ಬರುತ್ತಾರೆ. ಈ ಸಲ ನನ್ನ ತಲೆಯಲ್ಲಿ ಒಂದು ಅಮೋಘ ಉಪಾಯ ಹೊಳೆಯಿತು. ಹಬ್ಬದ ಹಿಂದಿನ ದಿನ, ನನ್ನವಳು ಹೂವು ತರಲು ಹೋದಾಗ, ಪಿಂಗಾಣಿ ಜಾಡಿಯಲ್ಲಿದ್ದ ನಿಂಗಮ್ಮನ ತುಪ್ಪವನ್ನೆಲ್ಲ ತೆಗೆದು ಅಟ್ಟಕ್ಕೆ ಸಾಗಿಸಿದೆ. ಜಾಡಿಗೆ ಕರಗಿಸಿದ ವನಸ್ಪತಿ ತುಂಬಿದೆ. ತುಪ್ಪ ಕಾಯಿಸಿದ ತಳದ ಗಸಿಯನ್ನೂ ಒಂದು ವೀಳ್ಯದೆಲೆಯನ್ನೂ ಅದರಲ್ಲಿ ಕಾಯಿಸಿ ತೆಗೆದೆ. ಪರಿಮಳ ನೋಡಬೇಕಿತ್ತು! ಎಮ್ಮೆಯೇ ಬಂದು ಮೂಸಿದ್ದರೂ ತನ್ನದೇ ಅನ್ನುತ್ತಿತ್ತು.

ಹಬ್ಬದ ದಿನ ಅತ್ತಿಗೆಯ ಎಲೆಗೆ ನಾನೇ ನಿಂತು ಬಡಿಸಿದೆ. ಬಿಸಿ ಹೋಳಿಗೆಯ ಮೇಲೆ ಎರಡು ಸೌಟು. ಅತ್ತಿಗೆ ತಿಂದರು. ಇನ್ನೊಂದು ಹಾಕಿಸಿಕೊಂಡು ತಿಂದರು. ಎಲೆಯ ಅಂಚಿನಲ್ಲಿ ಉಳಿದದ್ದನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿ, "ತುಪ್ಪ ಚೆನ್ನಾಗಿದೆ ಮಾರಾಯ" ಅಂದರು.

ಗೆದ್ದೆ! ಐವತ್ತು ವರ್ಷದ ವ್ರತ ಫಲಿಸಿತು! ಆ ಮಧ್ಯಾಹ್ನ ಒಬ್ಬನೇ ಅಟ್ಟ ಹತ್ತಿ ಕೂತು ನಕ್ಕೆ. ಯಾರಿಗೂ ಹೇಳಲಿಲ್ಲ, ಮುಂದಿನ ಯುಗಾದಿಗೆ ಎಲ್ಲರೆದುರು ಬಯಲು ಮಾಡುವುದು ಅಂತ ತೀರ್ಮಾನಿಸಿದೆ.

ಆದರೆ ಅದೇ ಸಂಜೆ ಎದುರುಮನೆಯ ಸರೋಜಮ್ಮನ ಮನೆಗೆ ನೆಂಟರು ಬಂದು, ತುಪ್ಪ ಸಾಲದೆ, ಅವರು ಬಟ್ಟಲು ಹಿಡಿದು ನಮ್ಮ ಮನೆಗೆ ಬಂದಿದ್ದರು. ಏನೂ ಗೊತ್ತಿಲ್ಲದ ನನ್ನವಳು ಜಾಡಿಯಿಂದ ತುಂಬಿ ಕೊಟ್ಟಳು. ಅರ್ಧ ಗಂಟೆಗೆ ಸರೋಜಮ್ಮ ವಾಪಸ್ಸು.

"ಇದು ನಿಂಗಮ್ಮಂದೇ ತಾನೆ?"

"ಹೌದು ಕಣ್ರೀ, ಮೊನ್ನೆ ಹಾಕಿಸಿಕೊಂಡಿದ್ದು. ಯಾಕೆ?"

"ನೋಡಿ ಇಲ್ಲಿ. ಇಂಥಾ ಸೆಕೇಲಿ ಬೆಳ್ಳಗೆ ಗಟ್ಟಿ ಆಗಿದೆ. ಬಾಯಿಗೆ ಹಾಕಿದ್ರೆ ಅಂಗುಳಕ್ಕೆ ಅಂಟುತ್ತೆ. ವನಸ್ಪತಿ!"

ಸರೋಜಮ್ಮನ ಕೈಯಲ್ಲಿ ಫೋನಿತ್ತು. ಫೋನಿನಲ್ಲಿ ನಮ್ಮ ಬೀದಿಯ ಹೆಂಗಸರ ಗುಂಪಿತ್ತು. ಇನ್ನೇನು ಬೇಕು? ಕತ್ತಲಾಗುವುದರೊಳಗೆ ಹನ್ನೆರಡು ಮನೆಯಲ್ಲೂ ಜಾಡಿಯ ಮುಚ್ಚಳ ತೆರೆದು ಮೂಸಿದರು. "ನಮ್ಮನೇದೂ ಯಾಕೋ ಒಂಥರಾ", "ನಂಗೆ ಹೋದ ತಿಂಗಳೇ ಡೌಟಿತ್ತು." ಆ ಮನೆಗಳ ತುಪ್ಪವೆಲ್ಲ ಅಪ್ಪಟವೇ ಆಗಿತ್ತು ಸ್ವಾಮಿ. ಕೆಟ್ಟದ್ದು ಮೂಗು.

ಆಗಲೇ ಹೇಳಿಬಿಡಬಹುದಿತ್ತಲ್ಲ ಅನ್ನುತ್ತೀರಿ. ಹೌದು. ನಾಳೆ ಹೇಳೋಣ ಅಂದುಕೊಂಡೆ. ಈ 'ನಾಳೆ' ಎಂಬ ಪದಾರ್ಥದ ರಚನೆ ಏನು ಅಂತ ಅತ್ತಿಗೆಯನ್ನೇ ಕೇಳಬೇಕು, ಅದು ಎಷ್ಟು ಕುದಿಸಿದರೂ ಕರಗುವುದಿಲ್ಲ.

ಸೋಮವಾರ ನಿಂಗಮ್ಮ ಬಂದಳು. ಮೊದಲ ಮನೆಯಲ್ಲಿ "ಬೇಡಮ್ಮ." ಎರಡನೆಯದರಲ್ಲಿ "ಇದೆಯಮ್ಮ." ಮೂರನೆಯದರಲ್ಲಿ ಬಾಗಿಲೇ ತೆಗೆಯಲಿಲ್ಲ. ನಾಲ್ಕನೆಯ ಮನೆ ಸರೋಜಮ್ಮನದು, ಅವರು ಕಾರಣ ಸಮೇತ ಹೇಳಿದರು, ಇಡೀ ಬೀದಿಗೆ ಕೇಳುವ ಹಾಗೆ.

"ಏನ್ ಮಾತು ಅಂತ ಆಡ್ತೀರವ್ವಾ! ಇಪ್ಪತ್ತು ವರ್ಸದಿಂದ ತಂದ್ ಹಾಕ್ತಾ ಇದೀನಿ. ನನ್ ಎಮ್ಮೆ ಮೇಲೆ ಆಣೆ, ಇನ್ನೊಂದು ತೊಟ್ಟು ಬೆರಸಿದ್ರೆ ಕೇಳ್ರಿ!"

ತುಂಬಿದ ಕ್ಯಾನು ತುಂಬಿದ ಹಾಗೇ ಹೊತ್ತು ಬಂದು ನಮ್ಮ ಜಗಲಿಯ ಮೇಲೆ ಕೂತಳು. ನಾನು ನೀರು ತಂದು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಕೇಳಿದಳು: "ಯಜಮಾನ್ರೇ, ನೀವಾದ್ರೂ ಹೇಳ್ರಿ. ನಾನು ಅಂಥವ್ಳಾ?"

"ಛೆ ಛೆ" ಅಂದೆ. ಅಷ್ಟೇ ಅಂದೆ. ಊರಿಗೆಲ್ಲ ಮಾತಿನ ಮಲ್ಲ!

ಮುಂದಿನ ಸೋಮವಾರ ನಿಂಗಮ್ಮ ಬರಲಿಲ್ಲ. ಅವತ್ತು ನನ್ನವಳು ಫೋನಿನಲ್ಲಿ ಅತ್ತಿಗೆಗೆ ಎಲ್ಲವನ್ನೂ ವರದಿ ಮಾಡಿದಳು. ಅತ್ತಿಗೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರಂತೆ: "ಜಾಡಿ ತೊಳೆದುಬಿಟ್ಟೆಯಾ?"

"ಇಲ್ಲ ಅಕ್ಕ. ಉಳಿದದ್ದು ಹಾಗೇ ಇದೆ, ವಾಪಸ್ ಕೊಡೋಣ ಅಂತ."

"ತೊಳೀಬೇಡ. ಸೋಮವಾರ ಬರ್ತೀನಿ. ನಿಂಗಮ್ಮಂಗೂ ಕ್ಯಾನ್ ತಗೊಂಡು ಬಾ ಅಂತ ಹೇಳಿಸು. ಬೀದಿಯೋರನ್ನೆಲ್ಲ ಕರಿ."

ಬಂದರು ನೋಡಿ ನಮ್ಮ ಅತ್ತಿಗೆ! ಇಳಕಲ್ ಸೀರೆ, ಕಂಕುಳಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಟವೆಲ್ ಸುತ್ತಿದ ಮೂರು ಗಾಜಿನ ಫ್ಲಾಸ್ಕು, ಮೂರು ಸ್ಪಿರಿಟ್ ದೀಪ, ಎರಡು ಸೀಸೆ. ಜಗಲಿಯಲ್ಲಿ ಎಲ್ಲವನ್ನೂ ಸಾಲಾಗಿ ಜೋಡಿಸಿ, ಅಣ್ಣ ಕಾರ್ಖಾನೆಯಲ್ಲಿ ಹಾಕುತ್ತಿದ್ದ ದಪ್ಪ ಕನ್ನಡಕ ಏರಿಸಿಕೊಂಡು ನಿಂತರೆ, ಸರೋಜಮ್ಮ ಕೂಡ ಎರಡು ಹೆಜ್ಜೆ ಹಿಂದೆ ಸರಿದರು. ನಿಂಗಮ್ಮ ಕಂಬಕ್ಕೆ ಒರಗಿ, ಕ್ಯಾನನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅತ್ತಿಗೆ ಗೂಟ, ಪಂಚೆ, ಕರವಸ್ತ್ರದ ಪಾಠ ಶುರು ಮಾಡಿದರು. ಅಡುಗೆ ಬಿಟ್ಟು ಬಂದ ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳಿದರು. ಒಂದು ಫ್ಲಾಸ್ಕಿಗೆ ನಿಂಗಮ್ಮನ ಕ್ಯಾನಿನ ತುಪ್ಪ, ಇನ್ನೊಂದಕ್ಕೆ ಅಂಗಡಿಯ ವನಸ್ಪತಿ. ಎರಡಕ್ಕೂ ಕಾಸ್ಟಿಕ್ ಹಾಕಿ ಅರ್ಧ ಗಂಟೆ ಕುದಿಸಿದರು. "ಈಗ ಎರಡೂ ಸೋಪು. ಪಂಚೆ, ಕರವಸ್ತ್ರ ಎಲ್ಲಾ ಗೂಟ ಬಿಟ್ಟಿದೆ. ಸೋಡಿಯಂ ಹಿಡಕೊಂಡಿದೆ. ಈ ಆಸಿಡ್ ಹಾಕಿದ್ರೆ ಸೋಡಿಯಮ್ಮೂ ಬಿಡುತ್ತೆ. ಉದ್ದ ಪಂಚೆ ಮೇಣದ ಥರ ಮೇಲೆ ತೇಲುತ್ತೆ. ಪುಟಾಣಿ ಕರವಸ್ತ್ರ ಇದ್ದರೆ, ಅದು ಹಗುರ, ಆವಿಯಾಗಿ ಮೂಗಿಗೇ ಬರುತ್ತೆ. ಬನ್ನಿ, ಒಬ್ಬೊಬ್ರೇ ಮೂಸಿ."

ವನಸ್ಪತಿಯ ಫ್ಲಾಸ್ಕಿಗೆ ಆಸಿಡ್ ಬಿತ್ತು. ಮೂಸಿದರು. ಮೇಣದಬತ್ತಿಯ ಮಂಕು ವಾಸನೆ ಬಿಟ್ಟು ಏನೂ ಇಲ್ಲ.

ನಿಂಗಮ್ಮನ ಫ್ಲಾಸ್ಕಿಗೆ ಬಿತ್ತು. ಸರೋಜಮ್ಮ ಮೂಗು ತಂದರು, ತಕ್ಷಣ ಸೆರಗು ಮುಚ್ಚಿಕೊಂಡರು. "ಅಯ್ಯಪ್ಪಾ! ಇದು… ಇದು ಎಳೇ ಮಗು ಹೆಗಲ ಮೇಲೆ ಹಾಲು ಕಕ್ಕಿದ ವಾಸನೆ!"

"ಅದೇ ಬ್ಯುಟಿರಿಕ್ ಆಸಿಡ್ಡು. ಅದೇ ಕರವಸ್ತ್ರ" ಅಂದರು ಅತ್ತಿಗೆ. "ಮಕ್ಕಳನ್ನ ಸಾಕಿದೋರು ಯಾರಾದ್ರೂ ಇದನ್ನ ಮರೀತೀರಾ?"

ಸಾಕಿದವರೇ ಎಲ್ಲರೂ. ಸಾಲಾಗಿ ಬಂದು ಮೂಸಿ, ಮುಖ ಕಿವಿಚಿ, ತಲೆಯಾಡಿಸಿದರು. ಜಗತ್ತಿನಲ್ಲಿ ಒಂದು ದುರ್ವಾಸನೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ನೋಡಿಲ್ಲ! ನಿಂಗಮ್ಮನ ಬೆನ್ನು ಕಂಬ ಬಿಟ್ಟು ನೆಟ್ಟಗಾಯಿತು.

ಆದರೆ ಸರೋಜಮ್ಮ ಬಿಡುವವರೇ? "ಇವತ್ತಿಂದು ಸರಿ ಇರಬಹುದು. ಹಬ್ಬದ್ದು? ಆ ಜಾಡೀದು?"

"ತಗೊಂಡು ಬಾ" ಅಂದರು ಅತ್ತಿಗೆ.

ಜಾಡಿ ಬಂತು. ಮೂರನೆಯ ಫ್ಲಾಸ್ಕು, ಮತ್ತೆ ಅರ್ಧ ಗಂಟೆ. ನನ್ನ ಜೀವಮಾನದ ಅತಿ ಉದ್ದದ ಅರ್ಧ ಗಂಟೆ. ಆಸಿಡ್ ಬಿತ್ತು. ಮೂಸಿದರು. ಮೇಣದಬತ್ತಿ.

"ನಾನು ಹೇಳಲಿಲ್ವಾ!" ಅಂದರು ಸರೋಜಮ್ಮ. ಎಲ್ಲರ ಕಣ್ಣೂ ನಿಂಗಮ್ಮನ ಮೇಲೆ. ನೆಟ್ಟಗಾಗಿದ್ದ ಬೆನ್ನು ನಿಧಾನವಾಗಿ ಮತ್ತೆ ಕಂಬಕ್ಕೆ ಹೋಯಿತು. ಆಗ ಅತ್ತಿಗೆ ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

ನಾನು ಎದ್ದು ನಿಂತೆ. "ಜಾಡಿಯ ತುಪ್ಪ ಬದಲಾಯಿಸಿದ್ದು ನಾನು. ತಮಾಷೆಗೆ ಮಾಡಿದ್ದು. ನಿಂಗಮ್ಮಂದು ಏನೇನೂ ತಪ್ಪಿಲ್ಲ" ಅಂದೆ.

"ಥೂ! ಈ ವಯಸ್ಸಲ್ಲಿ ಇದೆಂಥಾ ಹುಚ್ಚಾಟ!" ಅಂದರು ಸರೋಜಮ್ಮ. ನಿಂಗಮ್ಮ ತಪ್ಪೊಪ್ಪಿಕೊಂಡವರ ಮುಖ ಕೂಡ ನೋಡದೆ, ಎದ್ದು ಸೌಟು ತೆಗೆದಳು. ಹನ್ನೆರಡು ಮನೆಯ ಪಾತ್ರೆಗಳೂ ಸಾಲುಗಟ್ಟಿದವು.

ಈಗ ನಮ್ಮ ಬೀದಿಗೆ ಬಂದರೆ ನಿಮಗೆ ಒಂದು ಹೊಸ ಕನ್ನಡ ಕೇಳಿಸುತ್ತದೆ. "ನಿಂಗಮ್ಮಾ, ಇವತ್ತಿನ ತುಪ್ಪದಲ್ಲಿ ಕರವಸ್ತ್ರ ಇದೆಯೇನೇ?" ಅವಳೂ ಬಿಡುವುದಿಲ್ಲ: "ಐತ್ರವ್ವಾ, ಕಸೂತಿ ಹಾಕಿದ್ದೇ ಐತೆ!"

ಇಷ್ಟೇ ಕಥೆ. ಇದರಲ್ಲಿ ಒಂದು, ಒಂದೇ ಒಂದು ಸುಳ್ಳಿದೆ. ಅಮೈನೋ ಆಸಿಡ್ ಹಾಡು ಅಂತ ನೀವು ಬೆರಳು ತೋರಿಸುತ್ತಿದ್ದೀರಿ. ಅಲ್ಲ, ಅದು ನಿಜ. ಮೂರು ನಾಯಿಗಳೂ ನಿಜ, ಬೇಕಾದರೆ ಅಣ್ಣನನ್ನು ಕೇಳಿ, ಹೂಂ ಅನ್ನುತ್ತಾನೆ.

ಆ ಜಗಲಿಯಲ್ಲಿ ನಾನು ಎದ್ದು ನಿಲ್ಲಲಿಲ್ಲ.

ಮೇಲೆ ಬರೆದ ಮಾತುಗಳಲ್ಲಿ ಒಂದಕ್ಷರ ಬದಲಿಸಿಲ್ಲ. ಆಡಿದ ಬಾಯಿ ಮಾತ್ರ ನನ್ನದಲ್ಲ. ಅತ್ತಿಗೆ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಬೀದಿಯವರ ಕಡೆ ತಿರುಗಿ, "ಜಾಡಿಯ ತುಪ್ಪ ಬದಲಾಯಿಸಿದ್ದು ನಾನು" ಅಂದರು. ಜೀವನದಲ್ಲಿ ಒಂದು ಕಾರ್ಬನ್ನನ್ನೂ ಹೆಚ್ಚುಕಮ್ಮಿ ಹೇಳದ ಹೆಂಗಸು!

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಬುಟ್ಟಿ ಹೊತ್ತು ಹೋದೆ. ಕೊನೆಗೆ, "ಯಾಕೆ ಹಾಗಂದ್ರಿ ಅತ್ತಿಗೆ?" ಅಂದೆ.

"ನಾನು ಈಗ ಬಸ್ ಹತ್ತಿ ಹೋಗ್ತೀನಿ. ನೀನು ನಾಳೆ ಬೆಳಿಗ್ಗೆ ಇದೇ ಬೀದೀಲಿ ಹಾಲಿಗೆ ಹೋಗಬೇಕು ಮಾರಾಯ."

"ಸುಳ್ಳು ಹೇಳಿದ್ರಲ್ಲ."

"ಪೂರ್ತಿ ಸುಳ್ಳಲ್ಲ. ಅವತ್ತು ಎಲೇಲಿ ಬೆಳ್ಳಗೆ ಹೆಪ್ಪುಗಟ್ಟಿದ್ದು ಕಂಡಾಗಲೇ ನನಗೆ ಗೊತ್ತಾಯ್ತು. ಆಗಲೇ ಅಂದಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ. ತಲೆಯೆತ್ತಿ ನಿನ್ನ ಮುಖ ನೋಡಿದೆ. ಎಷ್ಟು ಖುಷಿಯಾಗಿತ್ತು ಅದು! ಐವತ್ತು ವರ್ಷದಿಂದ ಪಾಪ ಒಂದು ಸಲಾನೂ ಗೆದ್ದಿಲ್ಲ, ಗೆಲ್ಲಲಿ ಅನ್ನಿಸ್ತು."

ಬಸ್ಸು ಬಂತು. ಬುಟ್ಟಿ ಇಸಿದುಕೊಂಡು ಹತ್ತಿದರು.

ನಿಂಗಮ್ಮ ಇವತ್ತಿಗೂ ಅತ್ತಿಗೆಯ ಜೊತೆ ಮಾತಾಡುವುದಿಲ್ಲ. ಅವರು ನಮ್ಮ ಮನೆಗೆ ಬಂದ ಸೋಮವಾರ ಕ್ಯಾನು ಹೊತ್ತು ನೇರ ಮುಂದಿನ ಮನೆಗೆ ಹೋಗಿಬಿಡುತ್ತಾಳೆ. ಅತ್ತಿಗೆ ಕಿಟಕಿಯಿಂದ ನೋಡಿ, "ಅವಳ ತುಪ್ಪ ಬಹಳ ಒಳ್ಳೇದು" ಅನ್ನುತ್ತಾರೆ. ನನಗೆ ಮಾತ್ರ ಅವಳು ಒಂದು ಚಮಚ ಮೇಲೆ ಹಾಕುತ್ತಾಳೆ. ಅವತ್ತು ನೀರು ಕೊಟ್ಟೆನಲ್ಲ, ಅದಕ್ಕೆ.

ನಾಳೆ ಸೋಮವಾರ. ಅತ್ತಿಗೆ ಇವತ್ತೇ ಬಂದಿದ್ದಾರೆ, ಒಳಗೆ ಮಲಗಿದ್ದಾರೆ. ಬರೆದದ್ದನ್ನು ಕೈಗೆ ಕೊಟ್ಟು ಬಿಡೋಣವೆಂದರೆ ನಿಂಗಮ್ಮ ಓದಲು ಕನ್ನಡಕ ತಂದಿರುವುದಿಲ್ಲ. ಇದನ್ನು ಜಗಲಿಯ ಮೇಲೆ, ಎದ್ದು ನಿಂತು, ನಾನೇ ಓದಿ ಹೇಳಬೇಕು.